ಮನೆ ತೆರವಿನ ಹಳೆಯ ಪ್ರಕರಣ: ಏಜೆನ್ಸಿಯೋ, ವಕೀಲರೋ, ಸ್ವಂತ ಅರ್ಜಿಯೋ?

ಅಮೆರಿಕದ ಮಿನ್ನೆಸೋಟದಲ್ಲಿ ಬಾಡಿಗೆ ಮನೆ ಹುಡುಕುವವರ ಹೆಸರಿಗೆ ಹಳೆಯ ತೆರವು ಪ್ರಕರಣವೊಂದು, ಅಂದರೆ ಮನೆ ಖಾಲಿ ಮಾಡಿಸಲು ಮಾಲೀಕರು ಹೂಡಿದ ದಾವೆ, ಅಂಟಿಕೊಂಡಿದ್ದರೆ, ಅದನ್ನು ಬಿಡಿಸಿಕೊಳ್ಳಲು ಮೂರು ದಾರಿಗಳಿವೆ. ಹಣ ಪಡೆದು ದಾಖಲೆ ತೆಗೆಸಿಕೊಡುತ್ತೇವೆ ಎನ್ನುವ ಆನ್‌ಲೈನ್ ಏಜೆನ್ಸಿಗಳು ಒಂದು, ವಕೀಲರು ಇನ್ನೊಂದು, ನ್ಯಾಯಾಲಯದ ನಮೂನೆಯನ್ನು ತಾವೇ ತುಂಬಿ ಸಲ್ಲಿಸುವುದು ಮತ್ತೊಂದು. ಮೊದಲನೆಯದಕ್ಕೆ 249 ಡಾಲರ್ ಸುರಿದು, ಕೊನೆಗೆ ಮೂರನೆಯದರಿಂದ ಕೆಲಸ ಮುಗಿಸಿಕೊಂಡವನು ನಾನು. ಆದುದರಿಂದ ಈ ಹೋಲಿಕೆ ತೂಕ ತಪ್ಪದ ತಕ್ಕಡಿಯೆಂದು ಯಾರೂ ಭಾವಿಸಬೇಕಾಗಿಲ್ಲ.

2022ರ ಬೇಸಿಗೆಯಲ್ಲಿ ನಾನಿದ್ದ ಮಿನಿಯಾಪೊಲಿಸ್‌ನ ಕಟ್ಟಡ ಕೈಬದಲಾಯಿತು. ಆ ತಿಂಗಳ ಬಾಡಿಗೆ ಹಳೆಯ ಮಾಲೀಕರ ಖಾತೆಗೆ ಹೋಗಿತ್ತು. ಹೊಸಬರು ಒಂದು ಮಾತು ಕೇಳದೆ ಹೆನ್ನೆಪಿನ್ ಕೌಂಟಿಯ ಹೌಸಿಂಗ್ ಕೋರ್ಟಿಗೆ ಹೋದರು. ಬ್ಯಾಂಕಿನ ಸ್ಟೇಟ್‌ಮೆಂಟ್ ತೋರಿಸಿದ ಮೇಲೆ ಮೊದಲ ವಿಚಾರಣೆಯಲ್ಲೇ ಪ್ರಕರಣ ವಜಾ ಆಯಿತು. ಅಲ್ಲಿಗೆ ಮುಗಿಯಿತು ಎಂದುಕೊಂಡಿದ್ದೆ. ಎರಡು ವರ್ಷಗಳ ನಂತರ ಪ್ಲಿಮತ್‌ನಲ್ಲಿ ಒಂದು ಮನೆಗೆ ಅರ್ಜಿ ಹಾಕಿದಾಗ, ಸ್ಕ್ರೀನಿಂಗ್ ವರದಿಯ, ಅಂದರೆ ಬಾಡಿಗೆದಾರರ ಹಿನ್ನೆಲೆ ತಪಾಸಣೆಯ ವರದಿಯ, ಆಧಾರದ ಮೇಲೆ ಮನೆ ಕೊಡಲಾಗದು ಎಂಬ ಪತ್ರ ಬಂತು. ಅಂಥ ಪತ್ರ ಬಂದ 60 ದಿನಗಳೊಳಗೆ ಕೇಳಿದರೆ ವರದಿಯ ಪ್ರತಿಯನ್ನು ಉಚಿತವಾಗಿ ಕೊಡಬೇಕೆಂಬ ಕೇಂದ್ರ ಕಾನೂನಿದೆ. ತರಿಸಿ ನೋಡಿದರೆ ನನ್ನ ತಲೆಯ ಮೇಲೆ ಒಂದಲ್ಲ, ಎರಡು ತೆರವು ಪ್ರಕರಣಗಳಿದ್ದವು. ಎರಡರ ಮುಂದೆಯೂ ‘ದಾಖಲಾಗಿದೆ’ ಎಂದಷ್ಟೇ ಇತ್ತು. ವಜಾ ಆದ ಸುದ್ದಿ ಎಲ್ಲೂ ಇರಲಿಲ್ಲ.

ಬೆಂಗಳೂರಿನಲ್ಲಾದರೆ ಮನೆಯವರು ಬಾಗಿಲಲ್ಲೇ ನಿಲ್ಲಿಸಿ ಯಾವ ಊರು, ಎಲ್ಲಿ ಕೆಲಸ, ಏನು ಊಟ ಎಂದೆಲ್ಲ ಕೇಳುತ್ತಾರೆ. ಉತ್ತರ ಹೇಳಲಾದರೂ ಅವಕಾಶವಿರುತ್ತದೆ. ಇಲ್ಲಿ ಕೇಳುವುದು ಕಂಪ್ಯೂಟರು, ಉತ್ತರ ಕೊಡುವುದೂ ಕಂಪ್ಯೂಟರು.

ಗಾಬರಿಯಲ್ಲಿ ಏಜೆನ್ಸಿಗೆ ಹಣ ಕಟ್ಟಿದೆ. ಅವರು ಮೂರು ವಾರಗಳ ನಂತರ ಕಳುಹಿಸಿದ್ದು ಜನರ ಸಾಲದ ಚರಿತ್ರೆ ದಾಖಲಿಸಿಡುವ ಮೂರು ಕ್ರೆಡಿಟ್ ಬ್ಯೂರೋಗಳಿಗೆ ಬರೆದ ಅಚ್ಚು ಪತ್ರಗಳ ಪ್ರತಿಗಳನ್ನು ಮತ್ತು ‘ನಿಮ್ಮ ಕ್ರೆಡಿಟ್ ವರದಿಯಲ್ಲಿ ತೆರವು ದಾಖಲೆ ಯಾವುದೂ ಇಲ್ಲ’ ಎಂಬ ಶುಭ ಸಮಾಚಾರವನ್ನು. ಇರುವುದಾದರೂ ಹೇಗೆ? 2017–18ರ ವೇಳೆಗೇ ಆ ಮೂರೂ ಬ್ಯೂರೋಗಳು ಸಿವಿಲ್ ತೀರ್ಪುಗಳನ್ನು ಕ್ರೆಡಿಟ್ ವರದಿಯಿಂದ ಕೈಬಿಟ್ಟಿವೆ. ಬಾಡಿಗೆದಾರರ ಸ್ಕ್ರೀನಿಂಗ್ ಕಂಪನಿಗಳು ತೆರವು ಪ್ರಕರಣಗಳನ್ನು ನ್ಯಾಯಾಲಯದ ದಾಖಲೆಗಳಿಂದ ಎತ್ತಿ ತಮ್ಮಲ್ಲಿ ಶೇಖರಿಸಿಟ್ಟುಕೊಳ್ಳುತ್ತವೆ. ಆ ಪತ್ರಗಳಲ್ಲಿ ಪ್ರಕರಣದ ಸಂಖ್ಯೆಯೂ ಇರಲಿಲ್ಲ.

ಸಂಖ್ಯೆಯನ್ನು ನಾನೇ ಹುಡುಕಿದೆ. ಮಿನ್ನೆಸೋಟ ನ್ಯಾಯಾಂಗದ ಎಂಸಿಆರ್‌ಒ ಎಂಬ ಸಾರ್ವಜನಿಕ ಜಾಲತಾಣದಲ್ಲಿ ಹೆಸರು ಹಾಕಿದರೆ ದುಡ್ಡಿಲ್ಲದೆ ಸಿಗುವ ಮಾಹಿತಿ ಅದು. 27-ಸಿವಿ-ಎಚ್‌ಸಿ ಎಂದು ಶುರುವಾಗುವ ಸಂಖ್ಯೆಯ ಒಂದೇ ಒಂದು ಪ್ರಕರಣ. ಒಂದು ಎರಡಾದದ್ದು ಹೇಗೆ ಎಂಬುದು ತಿಳಿದದ್ದೂ ಅಲ್ಲಿಯೇ, ಮತ್ತು ನನ್ನ ನಾಲ್ಕು ತಿಂಗಳು ತಿಂದದ್ದು ಈ ಒಂದು ತೊಡಕು.

ನನಗಿರುವುದು ಬಸವರಾಜ ಎಂಬ ಒಂದೇ ಹೆಸರು. ಊರನ್ನೂ ತಂದೆಯ ಹೆಸರನ್ನೂ ಇನಿಷಿಯಲ್‌ಗಳಲ್ಲಿ ಮುಗಿಸುವ ನಮ್ಮ ಕಡೆಯ ರೂಢಿಯಂತೆ ಪಾಸ್‌ಪೋರ್ಟಿನಲ್ಲಿ ಉಪನಾಮದ ಜಾಗ ಖಾಲಿಯಿದೆ. ಅಮೆರಿಕದ ವೀಸಾ ಆ ಒಂಟಿ ಹೆಸರನ್ನು ಉಪನಾಮದ ಸಾಲಿಗೆ ತಳ್ಳಿ, ಮೊದಲ ಹೆಸರಿನ ಸಾಲಿನಲ್ಲಿ ‘ಎಫ್‌ಎನ್‌ಯು’, ಅಂದರೆ ‘ಮೊದಲ ಹೆಸರು ತಿಳಿಯದು’ ಎಂದು ಬರೆಯುತ್ತದೆ. ಬಾಡಿಗೆ ಕರಾರಿನಲ್ಲಿ ನಾನು ಎಫ್‌ಎನ್‌ಯು ಬಸವರಾಜ. ಬಾಡಿಗೆ ಕಟ್ಟುವ ಆನ್‌ಲೈನ್ ಖಾತೆ ಆ ಮೂರಕ್ಷರವನ್ನು ಹೆಸರೆಂದು ಒಪ್ಪದ ಕಾರಣ ಅಲ್ಲಿ ಬಸವರಾಜ ಬಸವರಾಜ. ಹೊಸ ಮಾಲೀಕರ ಗುಮಾಸ್ತರು ಎರಡೂ ಕಾಗದಗಳನ್ನು ಮುಂದಿಟ್ಟುಕೊಂಡು, ಒಂದು ಮನೆಯ ಮೇಲೆ ಇಬ್ಬರು ಪ್ರತಿವಾದಿಗಳನ್ನು ಹೆಸರಿಸಿದ್ದರು. ವಿಚಾರಣೆಯ ದಿನ ಪರದೆಯ ಮೇಲೆ ಕಾಣದ ಆ ಎರಡನೆಯವನನ್ನು ಯಾರೂ ವಿಚಾರಿಸಲಿಲ್ಲ. ಸ್ಕ್ರೀನಿಂಗ್ ಕಂಪನಿಯ ಕಡತದಲ್ಲಿ ಮಾತ್ರ ಅವನು ಗಟ್ಟಿಯಾಗಿ ಬೇರೂರಿದ್ದ.

ದಾಖಲೆ ಮುಚ್ಚಿಸಲು, ಅಂದರೆ ಅದು ಸಾರ್ವಜನಿಕರಿಗೆ ಕಾಣದಂತೆ ಮಾಡಿಸಲು, ಸಲ್ಲಿಸುವ ಅರ್ಜಿಯಲ್ಲಿ ನಾನು ಎರಡೂ ಹೆಸರುಗಳನ್ನು ಬರೆದು, ಇಬ್ಬರೂ ಒಬ್ಬನೇ ಎಂದು ಪ್ರಮಾಣಪೂರ್ವಕವಾಗಿ ಹೇಳಿ, ಲೈಸೆನ್ಸು ಮತ್ತು ಪಾಸ್‌ಪೋರ್ಟಿನ ಪ್ರತಿಗಳನ್ನು ಲಗತ್ತಿಸಿದೆ. ಮಾಲೀಕರಿಗೆ ಒಂದು ಪ್ರತಿ ಕಳುಹಿಸಿ, ಕಳುಹಿಸಿದ್ದಕ್ಕೆ ಅಫಿಡವಿಟ್ಟನ್ನೂ ಸೇರಿಸಿದೆ. ಜೂಮ್‌ನಲ್ಲಿ ನಡೆದ ವಿಚಾರಣೆ ಒಂದು ಲೋಟ ಕಾಫಿ ಆರುವಷ್ಟರಲ್ಲಿ ಮುಗಿಯಿತು. ಆದೇಶ ಬಂದ ಮೇಲೆ ಎಂಸಿಆರ್‌ಒದಲ್ಲಿ ಯಾವ ರೂಪದ ಹೆಸರು ಹಾಕಿದರೂ ಏನೂ ಕಾಣಲಿಲ್ಲ.

ಆದರೆ ನ್ಯಾಯಾಲಯ ಮುಚ್ಚಿದ್ದು ತನ್ನ ಕಡತವನ್ನು. ಕಂಪನಿ ಅದಕ್ಕೂ ಮೊದಲೇ ತೆಗೆದಿಟ್ಟುಕೊಂಡ ಪ್ರತಿ ತಾನಾಗಿ ಅಳಿಯುವುದಿಲ್ಲ. ರಾಜ್ಯದ 504ಬಿ.241ನೇ ಕಲಮಿನ ಪ್ರಕಾರ, ಕಡತ ಮುಚ್ಚಿರುವುದು ತಿಳಿದಿದ್ದರೆ ಸ್ಕ್ರೀನಿಂಗ್ ಸಂಸ್ಥೆ ಅದರ ಉಲ್ಲೇಖವನ್ನೆಲ್ಲ ಅಳಿಸಬೇಕು. ಎಲ್ಲವೂ ನಿಂತಿರುವುದು ಆ ‘ತಿಳಿದಿದ್ದರೆ’ ಎಂಬ ಮಾತಿನ ಮೇಲೆ. ಕಂಪನಿಯ ಆನ್‌ಲೈನ್ ಆಕ್ಷೇಪಣೆಯ ಪುಟದಲ್ಲಿ ತಿಳಿಸಿದಾಗ ಎಫ್‌ಎನ್‌ಯು ಹೆಸರಿನ ದಾಖಲೆ ಹೋಯಿತು, ಜೋಡಿ ಬಸವರಾಜ ಉಳಿದುಕೊಂಡ. ಎರಡನೆಯ ಸಲ ಆದೇಶದ ದೃಢೀಕೃತ ಪ್ರತಿಯನ್ನು ಸ್ವೀಕೃತಿ ಸಹಿತ ರಿಜಿಸ್ಟರ್ಡ್ ಅಂಚೆಯಲ್ಲಿ ಕಳುಹಿಸಿ, ಹೆಸರನ್ನು ಬಿಟ್ಟು ಪ್ರಕರಣದ ಸಂಖ್ಯೆಯನ್ನೇ ಹಿಡಿದು ಬರೆದೆ. ಆಕ್ಷೇಪಣೆಯನ್ನು ಸಾಮಾನ್ಯವಾಗಿ 30 ದಿನಗಳಲ್ಲಿ ಇತ್ಯರ್ಥಪಡಿಸಬೇಕೆಂಬ ನಿಯಮವಿದೆ. 22ನೆಯ ದಿನಕ್ಕೆ ಉತ್ತರ ಬಂತು, ಎರಡನೆಯ ದಾಖಲೆಯೂ ಹೋಗಿತ್ತು.

ವಕೀಲರ ಬಗ್ಗೆ ಹೆಚ್ಚು ಹೇಳಲಾರೆ, ಏಕೆಂದರೆ ಅವರು ಕೇಳಿದ ಮೊತ್ತ ನನ್ನ ಕೈಗೆ ಮೀರಿತ್ತು. ಪ್ರಕರಣ ಇನ್ನೂ ನಡೆಯುತ್ತಿದ್ದರೆ ಅಥವಾ ತೀರ್ಪು ವಿರುದ್ಧ ಬಂದಿದ್ದರೆ ಅವರ ಬಳಿಗೇ ಹೋಗಬೇಕು. ಹೋಮ್ ಲೈನ್ ಎಂಬ ಬಾಡಿಗೆದಾರರ ಉಚಿತ ಸಹಾಯವಾಣಿ ಇದೆ. ಯಾವ ನಮೂನೆ ತುಂಬಬೇಕೆಂದು ನನಗೆ ಹೇಳಿದವರು ಅವರೇ.

ಸುಮ್ಮನೆ ಕಾಯುವುದೂ ಒಂದು ದಾರಿ. 2024ರ ಜನವರಿ 1ರಿಂದ ಜಾರಿಗೆ ಬಂದ ತಿದ್ದುಪಡಿಯಂತೆ, ತೆರವು ಪ್ರಕರಣ ತೀರ್ಪಿನವರೆಗೆ ಸಾರ್ವಜನಿಕರಿಗೆ ಕಾಣುವುದಿಲ್ಲ. ವಜಾ ಆದರೆ ಅರ್ಜಿಯಿಲ್ಲದೆಯೇ ನ್ಯಾಯಾಲಯ ಅದನ್ನು ಮುಚ್ಚಬೇಕು. ತೆರವಿಗೆ ಆದೇಶವಾಗಿದ್ದರೂ ಮೂರು ವರ್ಷಗಳ ನಂತರ ಮುಚ್ಚಬೇಕು. ಹೊಸ ಪ್ರಕರಣಗಳವರಿಗೆ ಇದು ಸಾಕಾದೀತು. ನನ್ನದು 2022ರದು, ಇದ್ದಲ್ಲೇ ಇತ್ತು.

ಕಾಗದ ಜೋಡಿಸಿಡುವ ಅಭ್ಯಾಸ ಮತ್ತು ಹಗಲು ಹೊತ್ತಿನಲ್ಲಿ ಒಂದೆರಡು ಗಂಟೆ ಬಿಡುವು ಇರುವವರಿಗೆ ಸ್ವಂತ ಅರ್ಜಿಯೇ ಸರಿ ಎಂಬುದು ನನ್ನ ತೀರ್ಮಾನ; ಶುಲ್ಕ ಕಟ್ಟಲಾಗದವರಿಗೆ ಮನ್ನಾ ಕೋರುವ ನಮೂನೆಯೂ ನ್ಯಾಯಾಲಯದಲ್ಲೇ ಸಿಗುತ್ತದೆ. ಏಜೆನ್ಸಿಗೆ ಕೊಟ್ಟ ಹಣದಲ್ಲಿ ನಾನು ಆರೇಳು ಮನೆಗಳ ಅರ್ಜಿ ಶುಲ್ಕ ಕಟ್ಟಬಹುದಿತ್ತು. ಆದೇಶದ ಪ್ರತಿಯನ್ನು ಮುಂದಿನ ಮನೆಯ ಅರ್ಜಿಗೆ ಲಗತ್ತಿಸುವ ಉತ್ಸಾಹವನ್ನು ಮಾತ್ರ ತಡೆದುಕೊಳ್ಳಬೇಕು. ನಾನು ಒಮ್ಮೆ ಲಗತ್ತಿಸಿಯೇ ಬಿಟ್ಟಿದ್ದೆ. ಕಳುಹಿಸುವ ಗುಂಡಿ ಒತ್ತುವ ಮುನ್ನ, ಮುಚ್ಚಿಸಿದ್ದನ್ನು ನಾನೇ ಬಿಚ್ಚಿ ತೋರಿಸಲು ಹೊರಟಿದ್ದೇನೆಂದು ಹೆಂಡತಿ ಹೇಳಿದಳು.