ಪೆಡಲ್ ಸ್ಟೀಲ್ ಗಿಟಾರ್ ಕೊಳ್ಳುವ ಮುನ್ನ ಬೋರಲು ಹಾಕಿ ನೋಡಿ

ಕಳೆದ ವರ್ಷ ಟೆಕ್ಸಾಸ್‌ನ ಸಣ್ಣ ಊರೊಂದರಲ್ಲಿ 1,800 ಡಾಲರ್ ನಗದು ಎಣಿಸಿ ಕೊಟ್ಟು, ಹಳೆಯ ಪೆಡಲ್ ಸ್ಟೀಲ್ ಗಿಟಾರ್ ಒಂದನ್ನು ಮನೆಗೆ ತಂದೆ. ವಾರ ಕಳೆಯುವುದರೊಳಗೆ ಅದು ನುಡಿಸುವ ಸ್ಥಿತಿಯಲ್ಲಿ ಇಲ್ಲ ಎಂಬುದು ಗೊತ್ತಾಯಿತು. ರಿಪೇರಿಗೆ ಮತ್ತೆ 850 ಡಾಲರ್ ಹೋಯಿತು. ಹಣಕ್ಕಿಂತ ಹೆಚ್ಚಾಗಿ ನನಗೆ ನೋವಾದದ್ದು, ಐದು ನಿಮಿಷ ಬಗ್ಗಿ ನೋಡಿದ್ದರೆ ಎಲ್ಲವೂ ಕಣ್ಣಿಗೆ ಬೀಳುತ್ತಿತ್ತಲ್ಲ ಎಂಬುದಕ್ಕೆ. ಅಮೆರಿಕದಲ್ಲಿರುವ ಕನ್ನಡಿಗರಲ್ಲಿ ಈ ವಾದ್ಯದ ಮೋಹಕ್ಕೆ ಬಿದ್ದವರು ಕೆಲವರಾದರೂ ಇದ್ದಾರು. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಮೇಲಿನಿಂದ ನೋಡಿದರೆ ಇದು ನಾಲ್ಕು ಕಾಲಿನ ಕಿರಿದಾದ ಮೇಜು, ಅದರ ಮೇಲೆ ಹತ್ತು ತಂತಿ. ಎಡಗೈಯಲ್ಲಿ ಉಕ್ಕಿನ ದುಂಡು ದಂಡ ಹಿಡಿದು ತಂತಿಗಳ ಮೇಲೆ ಜಾರಿಸುತ್ತಾರೆ. ಗೋಟುವಾದ್ಯ ಕೇಳಿ ಬೆಳೆದ ಕಿವಿಗೆ ಆ ಜಾರು ಹೊಸದಲ್ಲ. ಹೊಸದೆಂದರೆ ಕಾಲಿನ ಕೆಲಸ. ಅಮೆರಿಕದ ಕಂಟ್ರಿ ಸಂಗೀತದ ತವರಾದ ನ್ಯಾಶ್‌ವಿಲ್‌ನಲ್ಲಿ ರೂಢಿಯಲ್ಲಿರುವ 'ಇ ನೈನ್' ಶ್ರುತಿಯಲ್ಲಿ 'ಇ' ಸ್ವರವನ್ನು ಷಡ್ಜವೆಂದು ಇಟ್ಟುಕೊಳ್ಳಿ. ಮೊದಲನೆಯ ಪೆಡಲ್ ತುಳಿದರೆ ಐದನೆಯ ಮತ್ತು ಹತ್ತನೆಯ ತಂತಿಗಳು ಪಂಚಮದಿಂದ ಚತುಶ್ರುತಿ ಧೈವತಕ್ಕೆ ಏರುತ್ತವೆ. ಎರಡನೆಯದನ್ನು ತುಳಿದರೆ ಮೂರನೆಯ ಮತ್ತು ಆರನೆಯ ತಂತಿಗಳು ಅಂತರ ಗಾಂಧಾರದಿಂದ ಶುದ್ಧ ಮಧ್ಯಮಕ್ಕೆ ಏರುತ್ತವೆ. ಉಳಿದ ತಂತಿಗಳು ಕದಲುವುದಿಲ್ಲ. ಒಂದು ತಂತಿ ನಿಂತಲ್ಲೇ ನಿಂತಿರುವಾಗ ಅದರ ಪಕ್ಕದ್ದು ಮೆಲ್ಲಗೆ ಮೇಲೇರುವ ಆ ದನಿಯನ್ನು ಸ್ಟೀಲ್ ವಾದಕ ಬಡ್ ಐಸಾಕ್ಸ್ 1954ರಲ್ಲಿ ಹೊರಬಂದ ಒಂದು ಧ್ವನಿಮುದ್ರಿಕೆಯಲ್ಲಿ ಕೇಳಿಸಿದರು. ಅಲ್ಲಿಂದಾಚೆಗೆ ಕಂಟ್ರಿ ಸಂಗೀತದ ಸ್ಟೀಲ್ ವಾದಕರೆಲ್ಲ ಪೆಡಲ್‌ಗಳ ಹಿಂದೆ ಬಿದ್ದರು. ನಾನೂ ಆ ದನಿಗೇ ಸೋತವನು.

ಅಷ್ಟೂ ಕೆಲಸ ನಡೆಯುವುದು ಮೇಜಿನ ಅಡಿಯಲ್ಲಿ. ಪೆಡಲ್ ತುಳಿದಾಗ ಒಂದು ಕಡ್ಡಿ ಕೆಳಕ್ಕೆ ಎಳೆಯುತ್ತದೆ, ಅಡ್ಡ ಸಲಾಕೆ ತಿರುಗುತ್ತದೆ, ಅದಕ್ಕೆ ಕಚ್ಚಿಕೊಂಡ ಪುಟ್ಟ ಲೋಹದ ತೋಳು ಇನ್ನೊಂದು ಉದ್ದನೆಯ ಕಡ್ಡಿಯನ್ನು ಎಳೆಯುತ್ತದೆ, ಅದು ಬಲತುದಿಯಲ್ಲಿರುವ ಚೇಂಜರ್ ಎಂಬ ಭಾಗದಲ್ಲಿ ಆ ತಂತಿಯನ್ನು ಬಿಗಿಗೊಳಿಸುತ್ತದೆ. ಮೊಣಕಾಲಿನಿಂದ ಪಕ್ಕಕ್ಕೆ ತಳ್ಳುವ ಲಿವರ್‌ಗಳದ್ದೂ ಇದೇ ಏರ್ಪಾಡು. ಮೇಲ್ಮೈಯ ಮರ, ಬಣ್ಣ, ಹೊಳಪು ಎಲ್ಲವೂ ಚೆನ್ನಾಗಿದ್ದು ಅಡಿಯಲ್ಲಿ ಒಂದು ತೋಳು ಬಿರುಕು ಬಿಟ್ಟಿದ್ದರೂ ವಾದ್ಯ ಕೈಕೊಡುತ್ತದೆ.

ನಾನು ಹೋದಾಗ ಮಾರುವವರು ಗಿಟಾರನ್ನು ಕೋಣೆಯ ನಡುವೆ ಜೋಡಿಸಿ ನಿಲ್ಲಿಸಿಟ್ಟಿದ್ದರು. ಆಂಪ್ಲಿಫೈಯರ್ ಆಗಲೇ ಬೆಚ್ಚಗಾಗಿತ್ತು. ಕಾಫಿ ಕೊಟ್ಟರು. ಅದು ತಮ್ಮ ತಂದೆಯದೆಂದೂ, ವಾರದ ಕೊನೆಯಲ್ಲಿ ನೃತ್ಯಶಾಲೆಗಳಲ್ಲಿ ನುಡಿಸುತ್ತಿದ್ದರೆಂದೂ, ತಮ್ಮ ಮಕ್ಕಳಿಗೆ ಇದರಲ್ಲಿ ಆಸಕ್ತಿಯಿಲ್ಲವೆಂದೂ ಹೇಳಿದರು. ಗೋಡೆಯ ಮೇಲೆ ಆ ಹಿರಿಯರ ಫೋಟೊ ಇತ್ತು. ಆಮೇಲೆ ತಾವೇ ಕುಳಿತು ಎರಡು ನಿಧಾನದ ಸಾಲುಗಳನ್ನು ನುಡಿಸಿದರು. ನನ್ನ ಕಣ್ಣಲ್ಲಿ ನೀರು ಬಂತು.

ಆ ಸ್ಥಿತಿಯಲ್ಲಿ ನಾನು ಏನನ್ನೆಲ್ಲ ಗಮನಿಸಲಿಲ್ಲ ನೋಡಿ. ಅವರು ನುಡಿಸಿದ ಸಾಲುಗಳಲ್ಲಿ ಬಳಕೆಯಾದದ್ದು ಮೊದಲ ಎರಡು ಪೆಡಲ್‌ಗಳು ಮಾತ್ರ. ಮೊಣಕಾಲಿನ ಲಿವರ್‌ಗಳನ್ನು ಅವರು ಮುಟ್ಟಲೇ ಇಲ್ಲ. ಆಂಪ್ಲಿಫೈಯರ್‌ನ ರಿವರ್ಬ್ ಎಷ್ಟು ಎತ್ತರದಲ್ಲಿತ್ತೆಂದರೆ ಶ್ರುತಿಯ ಸಣ್ಣಪುಟ್ಟ ದೋಷಗಳೆಲ್ಲ ಆ ಪ್ರತಿಧ್ವನಿಯಲ್ಲಿ ಕರಗಿ ಹೋಗುತ್ತಿದ್ದವು. ಗಿಟಾರಿನ ಅಡಿಯಲ್ಲಿ ಕಪ್ಪು ಬಣ್ಣದ ರಗ್ಗು ಹಾಸಿದ್ದರು, ಕೋಣೆಯಲ್ಲಿ ಮಂದ ಬೆಳಕು. ಒಮ್ಮೆ ಬೋರಲು ಹಾಕಿ ನೋಡಲೇ ಎಂಬ ಮಾತು ನನ್ನ ಬಾಯಿಗೆ ಬಂದಿತ್ತು. ತೀರಿಹೋದ ತಂದೆಯ ವಾದ್ಯವನ್ನು ಅವರ ಫೋಟೊ ಎದುರಿಗೇ ತಲೆಕೆಳಗು ಮಾಡಿ ಟಾರ್ಚ್ ಬಿಟ್ಟು ನೋಡುವುದು ಹೇಗೆ ಎಂದು ದಾಕ್ಷಿಣ್ಯಕ್ಕೆ ಬಿದ್ದೆ, ಸುಮ್ಮನಾದೆ. ನಮ್ಮ ಮನೆಗಳಲ್ಲಿ ವೀಣೆಗೆ ಕಾಲು ತಾಕಿದರೆ ಕಣ್ಣಿಗೊತ್ತಿಕೊಳ್ಳುವವರು ನಾವು. ಆ ಸಂಸ್ಕಾರದ ಬಗ್ಗೆ ನನಗೆ ಇಂದಿಗೂ ಗೌರವವಿದೆ. ಆದರೆ ಹಣ ಕೈ ಬದಲಾಗುವ ಮೊದಲು ಅದು ಅಡ್ಡ ಬರಬಾರದಿತ್ತು.

ಮನೆಯಲ್ಲಿ ಐದನೆಯ ದಿನ, ಇ ತಂತಿಗಳನ್ನು ಅರ್ಧ ಸ್ವರ ಇಳಿಸಬೇಕಾದ ಲಿವರ್ ತಳ್ಳಿದೆ. ಲಿವರ್ ಸಲೀಸಾಗಿ ಪಕ್ಕಕ್ಕೆ ಹೋಯಿತು. ದನಿ ಬದಲಾಗಲಿಲ್ಲ. ಪೆಡಲ್ ಬಿಟ್ಟ ಮೇಲೆ ಮೂರನೆಯ ತಂತಿ ಮೊದಲಿನ ಜಾಗಕ್ಕೆ ಮರಳದೆ ಕೂದಲೆಳೆಯಷ್ಟು ಮೇಲೇ ನಿಲ್ಲುತ್ತಿತ್ತು. ಡಲ್ಲಾಸ್ ಸುತ್ತಮುತ್ತ ಈ ವಾದ್ಯ ಬಲ್ಲವರಿಗೆ ಕೊರತೆಯಿಲ್ಲ, ಮಾರಿಸ್ ಆಂಡರ್ಸನ್ ಅವರಂಥವರು ಇಲ್ಲಿಯೇ ಸ್ಟೀಲ್ ಗಿಟಾರ್ ತಯಾರಿಸಿದವರು. ಪರಿಚಯದವರೊಬ್ಬರ ಮೂಲಕ ಒಬ್ಬ ವಯಸ್ಸಾದ ಮೆಕ್ಯಾನಿಕ್ ಸಿಕ್ಕರು. ಅವರು ಒಂದು ತಂತಿಯನ್ನೂ ಮೀಟಲಿಲ್ಲ. ನಾನು ಪೆಟ್ಟಿಗೆ ಇಳಿಸುತ್ತಿದ್ದಂತೆಯೇ ಮುಚ್ಚಳ ತೆಗೆದು, ಹಣೆಗೆ ಕಟ್ಟಿದ ದೀಪ ಹಚ್ಚಿ ಬಗ್ಗಿದರು.

ಎರಕದ ಎರಡು ತೋಳುಗಳಲ್ಲಿ ಉಗುರಿನಿಂದ ಗೀರಿದಂಥ ಬಿರುಕು. ಇಳಿಕೆಯ ಲಿವರ್‌ಗೆ ಕಡ್ಡಿಯೇ ಇರಲಿಲ್ಲ. ಯಾರೋ ಬಿಚ್ಚಿ ತೆಗೆದು, ಜಾಹೀರಾತಿನಲ್ಲಿ ನಾಲ್ಕು ಲಿವರ್ ಎಂದು ಬರೆಯಲು ಹಿಡಿಕೆಯನ್ನಷ್ಟೇ ಬಿಟ್ಟಿದ್ದರು. ಹಿಂಬದಿಯ ಕಾಲು ಕೂರುವ ಜಾಗದ ಮರ ಸೀಳಿ, ಅದಕ್ಕೆ ಅಂಟು ತುಂಬಿ, ಮೇಲೆ ಕಪ್ಪು ಬಣ್ಣ ಬಳಿದಿತ್ತು. ಆ ಬಣ್ಣವನ್ನು ಮೆಕ್ಯಾನಿಕ್ ಹೆಬ್ಬೆರಳಿನಿಂದ ಉಜ್ಜಿದರು. ಬೆರಳಿಗೆ ಮೆತ್ತಿಕೊಂಡಿತು. ಬಳಿದು ಬಹಳ ದಿನವಾಗಿರಲಿಲ್ಲ.

ಮಾರಿದವರಿಗೆ ಫೋನ್ ಮಾಡಿದೆ. ಇದ್ದದ್ದು ಇದ್ದ ಹಾಗೆಯೇ ಕೊಟ್ಟಿದ್ದೇನೆ ಎಂದರು, ಎರಡನೆಯ ಸಲ ಎತ್ತಲಿಲ್ಲ. ನಗದು ಕೊಟ್ಟಿದ್ದೆ, ಚೀಟಿ ಬರೆಸಿಕೊಂಡಿರಲಿಲ್ಲ. ತಯಾರಿಸಿದ ಕಂಪನಿ ಮುಚ್ಚಿ ದಶಕಗಳಾಗಿದ್ದವು, ಹಾಗಾಗಿ ಬಿಡಿಭಾಗಗಳನ್ನು ಹೊಸದಾಗಿ ಕಡೆಸಬೇಕಾಯಿತು.

ಆ ಮೆಕ್ಯಾನಿಕ್ ನನಗೆ ಕಲಿಸಿದ್ದನ್ನು ನೀವೂ ತಿಳಿದಿರಬೇಕು. ಈ ಗಿಟಾರು ಪೆಟ್ಟಿಗೆಯಲ್ಲಿ ಮಲಗುವುದೇ ಬೋರಲಾಗಿ. ಹಾಗೆ ಇರುವಾಗಲೇ ಕಾಲುಗಳನ್ನು ತಿರುಪಿ, ಪೆಡಲ್ ಪಟ್ಟಿ ಸಿಕ್ಕಿಸಿ, ಆಮೇಲೆ ಎತ್ತಿ ನಿಲ್ಲಿಸುತ್ತಾರೆ. ಆದ್ದರಿಂದ ನೀವು ಹೋಗುವವರೆಗೆ ಪೆಟ್ಟಿಗೆಯಲ್ಲೇ ಇಟ್ಟಿರಲು ಮೊದಲೇ ಹೇಳಿ. ನಿಮ್ಮ ಕಣ್ಣೆದುರೇ ಜೋಡಿಸಿದರೆ ಅಡಿಭಾಗ ಕೇಳದೆಯೇ ಕಾಣುತ್ತದೆ, ಯಾರಿಗೂ ಮುಜುಗರವಿಲ್ಲ. ರಿವರ್ಬ್ ಪೂರ್ತಿ ಇಳಿಸಿ. ಶ್ರುತಿ ತೋರಿಸುವ ಎಲೆಕ್ಟ್ರಾನಿಕ್ ಟ್ಯೂನರ್ ಒಯ್ಯಿರಿ. ಒಂದೊಂದೇ ಪೆಡಲ್, ಒಂದೊಂದೇ ಲಿವರ್ ಒತ್ತಿ, ಬಿಟ್ಟು, ಟ್ಯೂನರಿನ ಮುಳ್ಳು ಹಿಂದಿನ ಜಾಗಕ್ಕೇ ಬರುತ್ತದೆಯೇ ನೋಡಿ. ನಾಲ್ಕನೆಯ ತಂತಿಯನ್ನು ಮೀಟಿ ಮೊದಲೆರಡು ಪೆಡಲ್‌ಗಳನ್ನು ಒಟ್ಟಿಗೆ ತುಳಿಯಿರಿ. ಆ ತಂತಿಗೂ ಆ ಪೆಡಲ್‌ಗಳಿಗೂ ಸಂಬಂಧವಿಲ್ಲ, ಆದರೂ ಒಡಲು ಬಾಗುವುದರಿಂದ ಶ್ರುತಿ ಒಂದಿಷ್ಟು ಇಳಿಯುತ್ತದೆ. ಕೆಲವೇ ಸೆಂಟ್ (ಅರ್ಧ ಸ್ವರದ ನೂರನೆಯ ಒಂದು ಪಾಲು ಒಂದು ಸೆಂಟ್) ಇಳಿದರೆ ಸಹಜ. ಕಿವಿಗೆ ಎದ್ದು ಕಾಣುವಷ್ಟು ಇಳಿದರೆ ಮರದಲ್ಲೋ ಕಾಲಿನ ಹಿಡಿತದಲ್ಲೋ ತೊಂದರೆಯಿದೆ ಎಂದುಕೊಳ್ಳಿ. ದೂರದ ಊರಿನಿಂದ ತರಿಸುವುದಾದರೆ ಅಡಿಭಾಗದ ಫೋಟೊ ಬರುವವರೆಗೆ ಒಂದು ಡಾಲರೂ ಕಳಿಸಬೇಡಿ. ಸ್ನೇಹಿತರಿಗೆ ಕಳಿಸುವ ಬಗೆಯಲ್ಲಿ ಆ್ಯಪ್ ಮೂಲಕ ಕಳಿಸಿದ ಹಣ ಹೆಚ್ಚಾಗಿ ಮರಳಿ ಬರುವುದಿಲ್ಲ.

ರಿಪೇರಿಯಾದ ಆ ಗಿಟಾರನ್ನು ನಾನು ಮಾರಲು ಹೊರಟಾಗಲೂ ಒಂದು ಗಂಡಾಂತರ ಎದುರಾಯಿತು. ಜಾಹೀರಾತು ಹಾಕಿದ ಮರುದಿನವೇ ಒಬ್ಬರು, ಚೌಕಾಸಿ ಮಾಡದೆ, ನಾನು ಕೇಳಿದ್ದಕ್ಕಿಂತ 700 ಡಾಲರ್ ಹೆಚ್ಚಿನ ಕ್ಯಾಷಿಯರ್ಸ್ ಚೆಕ್, ಅಂದರೆ ಬ್ಯಾಂಕೇ ಬರೆದುಕೊಡುವ ಚೆಕ್, ಕಳಿಸಿದರು. ಹೆಚ್ಚಿನ ಮೊತ್ತವನ್ನು, ಗಿಟಾರನ್ನು ಸಾಗಿಸಲು ಬರುವವರಿಗೆ ಕೊಟ್ಟುಬಿಡಿ ಎಂದರು. ಚೆಕ್ಕಿನ ಮೇಲೆ ಅಚ್ಚಾದ ಸಂಖ್ಯೆಗೆ ಫೋನ್ ಮಾಡದೆ, ಆ ಬ್ಯಾಂಕಿನ ಸಂಖ್ಯೆಯನ್ನು ನಾನೇ ಹುಡುಕಿ ವಿಚಾರಿಸಿದೆ. ಅಂಥ ಚೆಕ್ಕನ್ನು ತಾವು ಕೊಟ್ಟೇ ಇಲ್ಲ ಎಂದರು. ನೆನಪಿಡಿ, ಖಾತೆಯಲ್ಲಿ ಒಂದೆರಡು ದಿನದಲ್ಲಿ ಹಣ ಕಾಣಿಸಿಕೊಂಡರೂ ಚೆಕ್ಕು ನಿಜವಾದದ್ದೆಂದು ಅರ್ಥವಲ್ಲ. ವಾರಗಳ ನಂತರ ಖೋಟಾ ಎಂದು ಗೊತ್ತಾದರೆ ಬ್ಯಾಂಕು ಪೂರ್ತಿ ಮೊತ್ತವನ್ನು ನಿಮ್ಮಿಂದಲೇ ವಸೂಲು ಮಾಡುತ್ತದೆ. ಅಷ್ಟರಲ್ಲಿ ಆ 700 ಡಾಲರೂ ವಾದ್ಯವೂ ನಿಮ್ಮ ಕೈಬಿಟ್ಟಿರುತ್ತವೆ.

ಕೊನೆಗೆ ಕೊಂಡದ್ದು ಇಲ್ಲಿಯೇ ಕಾಲೇಜಿನಲ್ಲಿ ಸಂಗೀತ ಓದುತ್ತಿರುವ ಹುಡುಗಿ. ಅವಳು ಬರುವ ಹೊತ್ತಿಗೆ ಗಿಟಾರು ಪೆಟ್ಟಿಗೆಯಲ್ಲಿ ಬೋರಲಾಗಿಯೇ ಇತ್ತು, ಪಕ್ಕದಲ್ಲಿ ಟಾರ್ಚ್ ಮತ್ತು ರಿಪೇರಿಯ ರಸೀದಿ ಇಟ್ಟಿದ್ದೆ. ಅವಳು ನೆಲದ ಮೇಲೆ ಮಂಡಿಯೂರಿ, ಕಡ್ಡಿಗಳನ್ನು ಒಂದೊಂದಾಗಿ ಬೆರಳಲ್ಲಿ ಅಲುಗಾಡಿಸಿ ನೋಡಿದಳು. ಒಂಬತ್ತನೆಯ ತಂತಿಯ ಸ್ಪ್ರಿಂಗ್ ಸಡಿಲವಾಗಿದೆ ಎಂದು ತೋರಿಸಿದಳು. ನಾನದನ್ನು ಗಮನಿಸಿರಲಿಲ್ಲ. 50 ಡಾಲರ್ ಇಳಿಸಿ, 2,050ಕ್ಕೆ ಕೊಟ್ಟೆ. ರಿಪೇರಿ ಆಗಿದ್ದ ಭಾಗಗಳನ್ನೆಲ್ಲ ಒಂದು ಹಾಳೆಯಲ್ಲಿ ಬರೆದು, ಇಬ್ಬರೂ ಸಹಿ ಹಾಕಿದೆವು.