ಭುಜದ ಬಾವಿಗೆ ಇಳಿದ ಸೂಜಿ

ಭುಜಕ್ಕೆ ಅಕ್ಯುಪಂಕ್ಚರ್, ಅಂದ್ರೆ ಚೀನೀ ಸೂಜಿ ಚಿಕಿತ್ಸೆ, ಮಾಡಿಸಿಕೊಂಡು ಮನೆಗೆ ಬಂದ ಮೇಲೆ ಎದೆ ಚುಚ್ಚಿದ ಹಾಗಾಗುತ್ತಿದೆಯಾ? ಉಸಿರು ಎಳೆದಾಗ ನೋವು ಜಾಸ್ತಿಯಾಗುತ್ತಿದೆಯಾ? ಬೆಳಗಾಗಲಿ ಅಂತ ಕಾಯಬೇಡಿ, ಆಗಲೇ ಆಸ್ಪತ್ರೆಗೆ ಹೋಗಿ. ನಾನು ಒಂದು ಇಡೀ ರಾತ್ರಿ ಕಾದೆ.

ನಾನಿರುವುದು ಸಿಂಗಪುರದಲ್ಲಿ. ದಿನಕ್ಕೆ ಹತ್ತು ಗಂಟೆ ಲ್ಯಾಪ್‌ಟಾಪ್ ಮುಂದೆ ಕೂತು ಕುತ್ತಿಗೆಯಿಂದ ಎಡಭುಜದ ತನಕ ಕಲ್ಲಿನ ಹಾಗಾಗಿತ್ತು. ನಮ್ಮೂರಲ್ಲಿ ಆಯುರ್ವೇದದವರ ಹತ್ತಿರ ಹೋಗುವಷ್ಟೇ ಸಹಜವಾಗಿ ಇಲ್ಲಿ ಜನ ಚೀನೀ ವೈದ್ಯರ ಹತ್ತಿರ ಹೋಗುತ್ತಾರೆ. ಆಫೀಸಿನ ಗೆಳೆಯನೊಬ್ಬ ಒಂದು ಜಾಗ ಹೇಳಿದ. ಮರುದಿನ ರಾತ್ರಿ ಬೆಂಗಳೂರಿಗೆ ವಿಮಾನ ಇತ್ತು, ತಮ್ಮನ ಮಗಳ ನಾಮಕರಣಕ್ಕೆ. ಅಷ್ಟರಲ್ಲಿ ಭುಜ ಸ್ವಲ್ಪ ಸಡಿಲವಾಗಲಿ ಅನ್ನೋ ಆಸೆ.

ಗೋಡೆ ಮೇಲೆ ಚೌಕಟ್ಟು ಹಾಕಿದ ಪ್ರಮಾಣಪತ್ರ ಇತ್ತು. ಆದರೆ ಅದು ಹಿರಿಯ ವೈದ್ಯರದ್ದು, ಅವತ್ತು ಅವರು ರಜೆ. ಸೂಜಿ ಹಾಕಿದ್ದು ಇನ್ನೊಬ್ಬ ಹುಡುಗ. ನಾನು ಹೆಸರೂ ಕೇಳಲಿಲ್ಲ. ಸಿಂಗಪುರದಲ್ಲಿ ಇದಕ್ಕೆ 2000ದಿಂದಲೇ ಕಾನೂನಿದೆ. ಸೂಜಿ ಹಾಕುವವರು ಚೀನೀ ವೈದ್ಯರ ಮಂಡಳಿಯಲ್ಲಿ ನೋಂದಣಿ ಮಾಡಿಸಿರಲೇಬೇಕು. ಹೆಸರು ಹಾಕಿ ಆನ್‌ಲೈನ್‌ನಲ್ಲಿ ನೋಡಿದರೆ ಎರಡು ನಿಮಿಷದಲ್ಲಿ ಗೊತ್ತಾಗುತ್ತದೆ. ಊಟಕ್ಕೆ ಹೋಟೆಲ್ ಹುಡುಕುವಾಗ ಇಪ್ಪತ್ತು ನಿಮಿಷ ರಿವ್ಯೂ ಓದುವ ನಾನು ಇದನ್ನು ನೋಡಲಿಲ್ಲ!

ಅವನು ಕುತ್ತಿಗೆ ಬುಡದ ಮೂಳೆಗೂ ಭುಜದ ತುದಿಗೂ ಸರಿಯಾಗಿ ನಡುವೆ, ಒತ್ತಿದರೆ ಪ್ರಾಣ ಹೋಗುವಷ್ಟು ನೋಯುವ ಜಾಗದಲ್ಲಿ ಸೂಜಿ ಇಳಿಸಿದ. ಆ ಬಿಂದುವಿನ ಹೆಸರು ಜಿಯಾನ್‌ಜಿಂಗ್ ಅಂತ ಆಮೇಲೆ ತಿಳಿಯಿತು. ಹಾಗಂದ್ರೆ 'ಭುಜದ ಬಾವಿ'. ಕುತ್ತಿಗೆ, ಭುಜ ಬಿಗಿದವರಿಗೆ ಹಾಕುವ ಮಾಮೂಲಿ ಬಿಂದು. ಸೂಜಿ ಸರಿಯಾಗಿ ಕೂತರೆ ಒಂದು ರೀತಿ ಭಾರ, ಜೋಮು ಬರುತ್ತದೆ. 'ಚಿ', ಅಂದ್ರೆ ಮೈಯಲ್ಲಿ ಹರಿಯುವ ಪ್ರಾಣಶಕ್ತಿ, ಬಂತು ಅಂತಾರೆ ಅದಕ್ಕೆ. ಮೊದಲು ನನಗೂ ಹಾಗೇ ಆಯಿತು. ಅವನು ಇನ್ನೂ ಸ್ವಲ್ಪ ಒಳಗೆ ತಳ್ಳಿದ. ಚುಳ್ ಅಂತು. ಕೆಮ್ಮು ಬಂತು.

ಮನೆಗೆ ಬಂದು ಮೂರು ಗಂಟೆಯಾದ ಮೇಲೆ ಶುರುವಾಯಿತು. ಒಣಕೆಮ್ಮು. ಎಡಗಡೆ ಎದೆಯಲ್ಲಿ ಚುಚ್ಚು. ಮೆಟ್ಟಿಲು ಹತ್ತಿದರೆ ಏದುಸಿರು. ಸೂಜಿ ಹಾಕಿದ ಹುಡುಗನಿಗೆ ಫೋನ್ ಮಾಡಿದೆ. 'ಕಟ್ಟಿಕೊಂಡಿದ್ದ ಚಿ ಈಗ ಬಿಟ್ಟುಕೊಳ್ಳುತ್ತಿದೆ, ಬಿಸಿನೀರು ಕುಡಿಯಿರಿ' ಅಂದ. ಕುಡಿದೆ. ಗ್ಯಾಸ್ ಇರಬಹುದು ಅಂತ ಜೀರಿಗೆ ಕಷಾಯವನ್ನೂ ಕುಡಿದೆ.

ಬೆಳಿಗ್ಗೆ ಹೆಂಡತಿ ನನ್ನ ಮಾತು ಕೇಳದೆ ಎಮರ್ಜೆನ್ಸಿಗೆ ಎಳೆದುಕೊಂಡು ಹೋದಳು. ಡಾಕ್ಟರ್‌ಗೆ ನಾನು ಬರೀ ಎದೆನೋವು ಅಂದೆ. ಹೃದಯಕ್ಕೆ ಇಸಿಜಿ ಮಾಡಿದರು, ಏನೂ ಇಲ್ಲ. 'ನಿನ್ನೆ ಭುಜಕ್ಕೆ ಸೂಜಿ ಹಾಕಿಸಿದ್ದರು' ಅಂತ ಅವಳೇ ಬಾಯಿಬಿಟ್ಟಳು. ಡಾಕ್ಟರ್ ಮುಖ ಬದಲಾಯಿತು. ಎಕ್ಸ್‌ರೇ ತೆಗೆದರು. ಸೂಜಿ ಶ್ವಾಸಕೋಶದ ತುದಿಗೆ ತಾಗಿತ್ತು. ಗಾಳಿ ಸೋರಿ ಎದೆಗೂಡಿನಲ್ಲಿ ತುಂಬಿಕೊಂಡು ಶ್ವಾಸಕೋಶ ಒಂದಷ್ಟು ಕುಸಿದಿತ್ತು. ನ್ಯೂಮೋಥೋರಾಕ್ಸ್. ಸಣ್ಣದಿದ್ದ ಕಾರಣ ಎದೆಗೆ ಕೊಳವೆ ಹಾಕಲಿಲ್ಲ, ಆಕ್ಸಿಜನ್ ಕೊಟ್ಟು ಎರಡು ದಿನ ಇಟ್ಟುಕೊಂಡರು.

ಇವತ್ತು ರಾತ್ರಿ ವಿಮಾನ ಇದೆ ಅಂದೆ. ಡಾಕ್ಟರ್ ಪೆನ್ ಕೆಳಗಿಟ್ಟರು. ಮೇಲೆ ಹೋದ ಹಾಗೆ ವಿಮಾನದೊಳಗಿನ ಒತ್ತಡ ಇಳಿಯುತ್ತದೆ. ಎದೆಯಲ್ಲಿ ಸಿಕ್ಕಿಕೊಂಡ ಗಾಳಿ ಆಗ ಹಿಗ್ಗುತ್ತದೆ, ಶ್ವಾಸಕೋಶವನ್ನು ಇನ್ನಷ್ಟು ಅದುಮುತ್ತದೆ. ನಾಲ್ಕೂವರೆ ಗಂಟೆ ಸಮುದ್ರದ ಮೇಲೆ. ಬಿಸಿನೀರು ಕುಡಿದು ಹತ್ತಿಬಿಡುತ್ತಿದ್ದೆನಲ್ಲ ಅಂತ ಈಗಲೂ ಕೈ ತಣ್ಣಗಾಗುತ್ತದೆ.

ಆಮೇಲೆ ಹಾಸಿಗೆ ಮೇಲೆ ಬಿದ್ದುಕೊಂಡು ಓದಿದೆ. ಸಿಟ್ಟು ಬಂದಿದ್ದು ಆಗ. ಚೀನೀ ವೈದ್ಯಕ್ಕೆ ಇದು ಗೊತ್ತಿಲ್ಲದ ಅಪಾಯವೇ ಅಲ್ಲ. ಹೊಟ್ಟೆ ಬಾವಿ ಇದ್ದ ಹಾಗೆ, ಬೆನ್ನು ರೊಟ್ಟಿ ಇದ್ದ ಹಾಗೆ ಅಂತ ಅವರಲ್ಲಿ ಹಳೆಯ ಮಾತೇ ಇದೆ. ರೊಟ್ಟಿಗೆ ಎಷ್ಟು ಆಳ ಚುಚ್ಚುತ್ತೀರಿ? ಹೆಸರಿಗೆ ಬಾವಿಯಾದರೂ ಜಿಯಾನ್‌ಜಿಂಗ್ ಕೂಡ ರೊಟ್ಟಿಯೇ. ಅಲ್ಲಿ ಅರ್ಧದಿಂದ ಮುಕ್ಕಾಲು ಚುನ್ ಸಾಕು, ಕೆಳಗೆ ಶ್ವಾಸಕೋಶ ಇದೆ ಅಂತ ಪಠ್ಯದಲ್ಲೇ ಹೇಳುತ್ತಾರೆ. ಚುನ್ ಅಂದ್ರೆ ರೋಗಿಯ ಹೆಬ್ಬೆರಳಿನ ಅಗಲ. ರೋಗಿಯದ್ದು, ವೈದ್ಯನದ್ದಲ್ಲ. ನನ್ನಂಥ ಸಣಕಲು ಮೈಗೆ ಅಳತೆಯೇ ಬೇರೆ. ಗರ್ಭಿಣಿಯರಿಗಂತೂ ಈ ಬಿಂದು ಬೇಡ ಅಂತಲೇ ಅವರ ಸಂಪ್ರದಾಯ. ಹೆಬ್ಬೆರಳು ತೋರುಬೆರಳ ನಡುವಿನ ಹೆಗು ಅನ್ನೋ ಬಿಂದು ಕೂಡ ಹಾಗೇ. ನನ್ನನ್ನು ಯಾರೂ ಏನೂ ಕೇಳಿರಲಿಲ್ಲ ಬಿಡಿ.

ಇನ್ನೊಂದು ವಿಷಯ ಇನ್ನೂ ಉರಿಸುತ್ತದೆ. ಕುತ್ತಿಗೆಗೆ ಕುತ್ತಿಗೆಯಲ್ಲೇ ಚುಚ್ಚಬೇಕೆಂದಿಲ್ಲ. ಹೊಟ್ಟೆಗೆ ಮೊಣಕಾಲ ಕೆಳಗಿನ ಜೂಸಾನ್‌ಲಿ, ಸೊಂಟಕ್ಕೆ ಮೊಣಕಾಲ ಹಿಂದಿನ ವೈಜೋಂಗ್, ತಲೆ ಕುತ್ತಿಗೆಗೆ ಮಣಿಕಟ್ಟಿನ ಹತ್ತಿರದ ಲಿಯೆಚುಯೆ ಅಂತ ಅಲ್ಲಿನ ವಿದ್ಯಾರ್ಥಿಗಳು ಬಾಯಿಪಾಠ ಮಾಡುತ್ತಾರಂತೆ. ಗುಣವಾಗುತ್ತದೋ ಇಲ್ಲವೋ ಅದು ಬೇರೆ ವಾದ. ಮಣಿಕಟ್ಟಿನಲ್ಲಿ ಶ್ವಾಸಕೋಶ ಅಂತೂ ಇಲ್ಲ. 1027ರಲ್ಲಿ ವಾಂಗ್ ವೈಯಿ ಅನ್ನುವವರು ಕಂಚಿನ ಮನುಷ್ಯನನ್ನು ಮಾಡಿಸಿದ್ದರು. ಮೈತುಂಬ ರಂಧ್ರ, ಮೇಲೆ ಮೇಣ, ಒಳಗೆ ನೀರು. ಸರಿಯಾದ ಬಿಂದುವಿಗೆ ಚುಚ್ಚಿದರೆ ನೀರು ಬರುತ್ತಿತ್ತಂತೆ, ಆಗ ಪಾಸು. ನನಗೆ ಸೂಜಿ ಹಾಕಿದ ಹುಡುಗನಿಗೆ ಆ ಕಂಚಿನ ಮನುಷ್ಯ ನಾನೇ ಆಗಿದ್ದೆ.

ಹಾಕಿಸಿಕೊಳ್ಳಲೇಬೇಕು ಅಂತಿದ್ದರೆ ಸೂಜಿ ಹಿಡಿದವರ ನೋಂದಣಿ ನೋಡಿ, ಗೋಡೆಯದ್ದಲ್ಲ. ಭುಜ, ಬೆನ್ನಿನ ಮೇಲ್ಭಾಗ, ಎದೆಗೆ ಸೂಜಿ ಅಂದ್ರೆ ಎಷ್ಟು ಆಳ ಅಂತ ಬಾಯಿಬಿಟ್ಟು ಕೇಳಿ. ಹತ್ತಿರದಲ್ಲಿ ವಿಮಾನ ಪ್ರಯಾಣ ಇದ್ದರೆ ಆ ಜಾಗಗಳು ಬೇಡವೇ ಬೇಡ. ಎಮರ್ಜೆನ್ಸಿಗೆ ಹೋದರೆ ಸೂಜಿಯ ವಿಷಯವನ್ನು ಮೊದಲ ವಾಕ್ಯದಲ್ಲೇ ಹೇಳಿ.

ನಾಮಕರಣವನ್ನು ವಿಡಿಯೋ ಕಾಲ್‌ನಲ್ಲಿ ನೋಡಿದೆ. ಎಕ್ಸ್‌ರೇ ಪೂರ್ತಿ ಸರಿಯಾಗಿ, ಡಾಕ್ಟರ್ ಹೂಂ ಅಂದ ಮೇಲೆ ಊರಿಗೆ ಹೋದೆ. ಅಷ್ಟರಲ್ಲಿ ಮಗು ಮಗುಚಿಕೊಳ್ಳುತ್ತಿತ್ತು. ಭುಜ ಮಾತ್ರ ಇನ್ನೂ ಹಾಗೇ ನೋಯುತ್ತಿದೆ.