ಖಾದಿ, ಮಿಲ್ ಕಾಟನ್, ಟೆರಿಕಾಟ್, ರೇಯಾನ್: ಕಲಬುರಗಿ ಬಿಸಲಾಗ ನಾಕೂ ಹಾಕ್ಕೊಂಡು ನೋಡ್ದೆ

ಹೋದ ವರ್ಷ ಯುಗಾದಿಗಿ ಒಂದು ಅಂಗಡ್ಯಾಗ (ಹೆಸರ ಬ್ಯಾಡ ಬಿಡ್ರಿ) "ಪ್ಯೂರ್ ಕಾಟನ್ ಅದ ಸರ್, ಕಣ್ಣ ಮುಚ್ಚಿ ತಗೋರಿ" ಅಂದ್ರು, ನಾ ಖರೇನೇ ಕಣ್ಣ ಮುಚ್ಚಿ ತಗೊಂಡೆ. ಹೊಲಿಸ್ಲಿಕ್ಕ ನಮ್ಮ ಟೇಲರ್ ಮಾಸ್ಟರ್ ಹತ್ರ ಒಯ್ದ್ರ ಅವರು ಅರಬಿ ಎರಡ ಬೆರಳಾಗ ತಿಕ್ಕಿ ನೋಡಿ ನಕ್ಕರು, ಅಂಚಿನಿಂದ ಒಂದು ಹಾಸಿನ ಎಳಿ ಒಂದು ಹೊಕ್ಕಿನ ಎಳಿ ಕಿತ್ತು ಕಡ್ಡಿ ಗೀರಿ ಹಿಡದ್ರು. ಕಾಟನ್ ಆಗಿದ್ರ ಕಾಗದ ಸುಟ್ಟ ವಾಸನಿ ಬಂದು ಹಗರ ಬೂದಿ ಉದುರಬೇಕು. ಇದು ಮುದುಡಿ, ಕರಗಿ, ತುದಿಗಿ ಗಸಗಸಿ ಕಾಳಿನಷ್ಟು ಕರಿ ಗುಂಡ ಆಗಿ ನಿಂತ್ತು, ಉಗುರಿಲೆ ಒತ್ತಿದ್ರ ಕಲ್ಲಿನಂಗ ಗಟ್ಟಿ. "ಪಾಲಿಯೆಸ್ಟರ್ ಅದ ಸರ್, ಕಾಟನ್ ಎಷ್ಟದ ಅಂತ ಅಲ್ಲಾಗೇ ಗೊತ್ತು" ಅಂದ್ರು.

ಆ ಸಿಟ್ಟಿಗೇ ಈ ಹೋಲಿಕಿ. ನಂದು ಫೀಲ್ಡ್ ಕೆಲಸ, ವಾರದಾಗ ನಾಕ ದಿನ ಜೇವರ್ಗಿ, ಶಹಾಪುರ ಕಡಿ ಬೈಕ್ ಮ್ಯಾಲ. ನಾಕು ಥರದ ಅರಬಿ ತಗೊಂಡು ಒಂದೇ ಅಳತಿ, ಒಂದೇ ಮಾಸ್ಟರ್, ಎಲ್ಲಾ ತಿಳಿ ಬಣ್ಣ, ಏಪ್ರಿಲ್‌ದಿಂದ ಸಪ್ಟೆಂಬರ್ ತನಕ ಸರದಿ ಹಚ್ಚಿ ಹಾಕ್ಕೊಂಡೆ. ಮೋಸ ಆದ ಪೀಸ್ ಸುಮ್ನ ಯಾಕ ಕೆಡಸೋದು ಅಂತ ಅದನ್ನೇ ಟೆರಿಕಾಟ್ (ಪಾಲಿಯೆಸ್ಟರ್-ಕಾಟನ್ ಮಿಕ್ಸ್) ಅಂತ ಲೆಕ್ಕಕ್ಕ ಹಿಡದೆ.

ಖಾದಿ ಮತ್ತ ಮಿಲ್ ಕಾಟನ್ ನಡುವ ಏನ್ ಫರಕ್ ಇರ್ತದ, ಎರಡೂ ಹತ್ತೀನೇ ಅಲ್ಲಾ ಅಂತ ತಿಳ್ಕೊಂಡಿದ್ದೆ, ಅದೇ ತಪ್ಪಾಯ್ತು. ಈ ಎರಡು ಕಾಟನ್ ನಡುವಿನ ಫರಕ್ ಕಾಟನ್‌ಗೂ ಟೆರಿಕಾಟ್‌ಗೂ ಇರೋದಕ್ಕಿಂತ ಜಾಸ್ತಿ ಅನ್ನಿಸ್ತು ನನಗ. ನಾ ತಗೊಂಡ ಮಿಲ್ ಕಾಟನ್ ದಪ್ಪ ನೂಲಿಂದು, ಒತ್ತಾಗಿ ನೇಯ್ದದ್ದು. ಬೆಳಕಿಗಿ ಹಿಡದ್ರ ಏನೂ ಕಾಣಂಗಿಲ್ಲ. ಖಾದಿ ಹಿಡದ್ರ ಹಾಸು ಹೊಕ್ಕಿನ ನಡುವ ಸಣ್ಣ ಸಣ್ಣ ಕಿಂಡಿ ಕಾಣ್ತಾವ, ನೂಲು ಒಂದ ಕಡಿ ದಪ್ಪ ಒಂದ ಕಡಿ ತೆಳ್ಳಗ, ಕೈಲೆ ನೂತದ್ದು ಅಂದಮ್ಯಾಲ ಹಂಗೇ ಇರ್ತದ. ಆ ಕಿಂಡಿಯಾಗೇ ಎಲ್ಲಾ ಅದ. ನೆರಳಾಗ ನಿಂತಾಗ, ರೈತರ ಕೂಡ ಕಟ್ಟಿ ಮ್ಯಾಲ ಕೂತಾಗ ಖಾದಿ ಅಂಗಿಯೊಳಗ ಬೆವರು ಬಂದದ್ದೂ ಗೊತ್ತಾಗಂಗಿಲ್ಲ, ಆರಿ ಹೋಗ್ತದ. ಮಿಲ್ ಕಾಟನ್ ಮಾತ್ರ ಬೆವರು ಕುಡದು ಬೆನ್ನಿಗಿ ಒದ್ದಿ ಟವೆಲ್‌ನಂಗ ಹತ್ಕೋತದ.

ಆದ್ರ ಒಂದು ಮಾತು ನಾ ಮುಚ್ಚಿಡಂಗಿಲ್ಲ, ಮಧ್ಯಾಹ್ನ ಒಂದ ಗಂಟೆಗಿ 42 ಡಿಗ್ರ್ಯಾಗ ಬೈಕ್ ಓಡಸ್ಬೇಕಾದ್ರ ಅದೇ ಕಿಂಡ್ಯಾಗಿಂದ ಝಳ ಒಳಗ ನುಗ್ಗಿ ಎದಿ ಸುಡ್ತದ, ಭೀಮಾ ಸೇತುವೆ ದಾಟೋ ತನಕ ಆ ದಪ್ಪ ಮಿಲ್ ಕಾಟನ್ನೇ ಛಲೋ ಇತ್ತು ಅನ್ನಿಸ್ತು. ಗಾಡಿ ನಿಂತ ಕೂಡಲೇ ಮತ್ತ ಖಾದೀನೇ.

ನೂಲಿನ ಲೆಕ್ಕ ಮಾಸ್ಟರ್ ಹೇಳಿಕೊಟ್ರು. ಕೌಂಟ್ ಅಂತಾರಲ್ಲ, 40 ಕೌಂಟ್ ಅಂದ್ರ ಒಂದು ಪೌಂಡ್ ನೂಲಿನಾಗ 840 ಗಜದ ಲಡಿ 40 ಬರ್ತಾವ, 60 ಅಂದ್ರ 60. ನಂಬರ್ ಏರಿದಂಗ ನೂಲು ತೆಳ್ಳಗ. ಮನಿಗಿ ಬಂದು ಗುಣಾಕಾರ ಮಾಡ್ದೆ, 60 ಕೌಂಟ್ ನೂಲು ಅರ್ಧಾ ಕೆಜಿಗಿಂತ ಒಂಚೂರು ಕಮ್ಮಿ ತಗೊಂಡು ಬಿಚ್ಚಿದ್ರ 46 ಕಿಲೋಮೀಟರ್ ಆಗ್ತದ, ಕಲಬುರಗಿಯಿಂದ ಹಿಡದು ಜೇವರ್ಗಿ ದಾಟಿ ಹೋಗ್ತದ! 2/60 ಅಂತ ಬರದಿದ್ರ ಅಂಥಾ ಎರಡು ಎಳಿ ಕೂಡಿಸಿ ಹುರಿ ಮಾಡಿದ್ದು, ತೆಳ್ಳಗಿದ್ರೂ ಬಾಳಕಿ ಬರ್ತದ. ಇದನ್ನ ಮೊದಲೇ ಕೇಳಿದ್ರ ಆ ದಪ್ಪ ಕಾಟನ್ ತಗೋತಿದ್ದಿಲ್ಲ.

ಇನ್ನ ಟೆರಿಕಾಟ್. ಅಂಗಡಿಯವರ ಮ್ಯಾಲ ಸಿಟ್ಟಿದ್ರೂ ಅರಬಿಗಿ ಅನ್ಯಾಯ ಮಾಡಬಾರದು. ಸ್ಕೂಲ್ ಯೂನಿಫಾರ್ಮ್‌ಗಿ ಹಾಕೋ ಜನಪ್ರಿಯ ಮಿಕ್ಸ್ ಅಂದ್ರ ಪಾಲಿಯೆಸ್ಟರ್ 67, ಕಾಟನ್ 33, ಇದೂ ಅದರ ಹತ್ರಾನೇ ಇರಬೇಕು. ತೇವ ಗಾಳ್ಯಾಗ (65 ಪರ್ಸೆಂಟ್ ಅಂತ ಹಿಡದು ಅಳೀತಾರ) 100 ಗ್ರಾಂ ಒಣ ಹತ್ತಿ 7–8 ಗ್ರಾಂ ನೀರ ಎಳ್ಕೋತದ, ಪಾಲಿಯೆಸ್ಟರ್ ಎಳ್ಕೊಳ್ಳೋದು ಅರ್ಧಾ ಗ್ರಾಮೂ ಇಲ್ಲ. ಅದಕ್ಕೇ ಒಗದ ತಾಸಿನ್ಯಾಗ ಒಣಗಿ ಕೂತಿರ್ತದ, ಅದಕ್ಕೇ ಬೆವರೂ ಮೈಮ್ಯಾಲೇ ಉಳೀತದ. ವಾಸನಿ ಬ್ಯಾರೆ. ಪಾಲಿಯೆಸ್ಟರ್‌ಗಿ ನೀರ ಬ್ಯಾಡಾದ್ರೂ ಎಣ್ಣಿ ಬೇಕು, ಮೈ ಜಿಡ್ಡು ಕಂಕುಳದಾಗ ಹಿಡ್ಕೊಂಡು ಕೂತ್ರ ಒಂದ ಸಲ ಒಗದ್ರ ಹೋಗಂಗಿಲ್ಲ. ಕಾಲರ್ ಒಳಗ ಎರಡ ತಿಂಗಳಾಗ ಎಳಿ ಸುತ್ಕೊಂಡು ಅರಬಿ ಮ್ಯಾಲ ಗುಳ್ಳಿ ಎದ್ದವು. ಕಾಟನ್‌ದಾಗೂ ಏಳ್ತಾವ, ಆದ್ರ ಆ ಎಳಿ ಹರದು ಗುಳ್ಳಿ ಉದುರಿ ಹೋಗ್ತದ, ಪಾಲಿಯೆಸ್ಟರ್ ಎಳಿ ಗಟ್ಟಿ ಅದ ನೋಡ್ರಿ, ಗುಳ್ಳಿ ಬಿಡಂಗೇ ಇಲ್ಲ. ಒಂದಿನ ಕಾಟನ್ ಬಿಸಿಗಿ ಇಟ್ಟ ಇಸ್ತ್ರಿನೇ ಇದರ ಮ್ಯಾಲ ಎಳದೆ, ಕಿಸೆ ಮ್ಯಾಲ ಹೊಳಪು ಮಚ್ಚಿ ಬಿದ್ದದ್ದು ಇನ್ನೂ ಹಂಗೇ ಅದ.

ಆದ್ರ ಮಳಿಗಾಲದಾಗ ಆಟ ತಿರುಗಿಬಿಡ್ತು. ಬ್ಯಾಸಗ್ಯಾಗ ನಮ್ಮ ಗಾಳಿ ಎಷ್ಟ ಒಣ ಅಂದ್ರ ಕಾಟನ್ ತಡಮಾಡಿ ಒಣಗ್ತದ ಅನ್ನೋ ದೂರೇ ಇರಂಗಿಲ್ಲ, ಆಗಸ್ಟ್‌ದಾಗ ಮಾತ್ರ ಖಾದಿ ಎರಡ ದಿನ ಹಗ್ಗದ ಮ್ಯಾಲೇ ಮುಗ್ಗಲು ವಾಸನಿ ಹೊಡೀತಿತ್ತು, ಟೆರಿಕಾಟ್ ರಾತ್ರಿ ಒಗದು ಫ್ಯಾನ್ ಕೆಳಗ ಹಾಕಿದ್ರ ಮುಂಜಾನಿ ತಯಾರ್. ಮೀಟಿಂಗ್ ಇದ್ದ ದಿನಕ್ಕೂ ಅದೇ, ಖಾದಿಗಿ ಗಂಜಿ ಹಾಕಿ ಇಸ್ತ್ರಿ ಹೊಡದ್ರೂ ಹೈಕೋರ್ಟ್ ದಾಟೋದ್ರಾಗ ಮುದುಡಿರ್ತದ. ರಾಷ್ಟ್ರಧ್ವಜಕ್ಕೇ 2021ರ ಡಿಸೆಂಬರ್‌ದಾಗ ನಿಯಮ ತಿದ್ದಿ ಪಾಲಿಯೆಸ್ಟರ್ ನಡೀತದ ಅಂದಾರ, ನಂದೇನು. (ಖಾದಿ ರಾಷ್ಟ್ರಧ್ವಜ ಮಾಡೋ ಹುಬ್ಬಳ್ಳಿ ಬೆಂಗೇರಿಯ ಮಂದಿಗಿ ಅದು ಹೆಂಗ ಅನ್ನಿಸಿರ್ಬೇಕೋ.)

ರೇಯಾನ್ ಬಗ್ಗಿ ಭಾಳ ಹೇಳೋದಿಲ್ಲ. ಕಟ್ಟಿಗಿ ತಿರುಳಿಂದ ಮಾಡ್ತಾರ, ಹಿಂದಕ ಕೃತಕ ರೇಷ್ಮಿ ಅಂತಿದ್ರು, ಹತ್ತಿಗಿಂತಾ ಜಾಸ್ತಿ ತೇವ ಹೀರ್ತದ, 11–13 ಗ್ರಾಂ. ಹಾಕ್ಕೊಂಡ ಮೊದಲ ದಿನ ನಾಕರಾಗ ಇದೇ ತಣ್ಣಗ, ಖಾದಿಗಿಂತಾನೂ, ಮೈಮ್ಯಾಲ ಅರಬಿ ಅದ ಅಂತ ಗೊತ್ತಾಗಂಗಿಲ್ಲ. ಮುಂದ ಒಗಿಯೋ ದಿನ ಬಂತು. ಅವ್ವ ಒಳಗಿನಿಂದ "ತಮ್ಮಾ, ಅದನ್ನ ಹಿಂಡಬ್ಯಾಡ, ಒದ್ದಿ ಇದ್ದಾಗ ಹರೀತದ" ಅಂದ್ಲು, ನಾ ಎಲ್ಲಾ ಅಂಗಿ ಹಿಂಡಿದಂಗೇ ಹಿಂಡಿದೆ, ಕಂಕುಳ ಹೊಲಿಗಿ ಹತ್ರ ಪರ್ ಅಂತು. ಹತ್ತಿ ಒದ್ದಿ ಆದ್ರ ಇನ್ನಷ್ಟ ಗಟ್ಟಿ ಆಗ್ತದ, ರೇಯಾನ್ ಸುಮಾರು ಅರ್ಧಾ ತಾಕತ್ತು ಕಳ್ಕೋತದ ಅನ್ನೋದು ನನಗ ಆಮ್ಯಾಲ ಗೊತ್ತಾಯ್ತು, ಅವ್ವಗ ಸೀರಿ ಒಗದೇ ಗೊತ್ತಿತ್ತು.

ಒಂದು ಬ್ಯಾಸರ ಅದ. ಶಹಾಪುರ ಕಡಿ ರಸ್ತೆ ಎರಡೂ ಬಾಜು ಹತ್ತಿ, ಊರಾಗ ಎಂಎಸ್‌ಕೆ ಮಿಲ್ ಅಂದ್ರ ಈಗಿನ ಹುಡುಗರಿಗಿ ಬರೀ ಏರಿಯಾದ ಹೆಸರು, ಅಲ್ಲಿ ಮೆಹಬೂಬ್ ಶಾಹಿ ಗಿರಣ್ಯಾಗ ನೂಲು ತೆಗೀತಿದ್ರು ಅಂದ್ರ ನಂಬಂಗಿಲ್ಲ. 2023ರಾಗ ಕಲಬುರಗಿಗಿ ಪಿಎಂ ಮಿತ್ರ ಟೆಕ್ಸ್‌ಟೈಲ್ ಪಾರ್ಕ್ ಅಂತ ಘೋಷಣಾ ಆಗ್ಯದ. ನಮ್ಮ ಹತ್ತಿ ಅಂಗಿ ನಮ್ಮೂರಾಗೇ ಸಿಗೋದು ಯಾವಾಗೋ.

ಈ ವರ್ಷ ಬ್ಯಾಸಗಿಗಿ ಖಾದಿ ಎರಡು, ಜೋಡಿಗಿ ಬೈಕ್ ಪ್ರಯಾಣಕ್ಕಂತ ತೆಳ್ಳಗಿನ, ಆದ್ರ ಝಳ ನುಗ್ಗದಂಗ ಒತ್ತಾಗಿ ನೇಯ್ದ 60 ಕೌಂಟ್ ಕಾಟನ್ ಒಂದು, ಫುಲ್ ತೋಳಿಂದು, ಹೊಲಿಸೀನಿ. ಟೆರಿಕಾಟ್ ಜುಲೈ ಬರೋ ತನಕ ಟ್ರಂಕಿನಾಗ. ರೇಯಾನ್ ಅಂಗಿ ಅವ್ವ ಹರದು ಗ್ಯಾಸ್ ಕಟ್ಟಿ ಒರಸೋ ಅರಬಿ ಮಾಡ್ಯಾಳ, ಚೆಲ್ಲಿದ ನೀರ ಮಾತ್ರ ಛಲೋ ಹೀರ್ತದ.